ಚಾಪೆ, ಗದ್ದುಗೆ, ಕುರ್ಚಿ: ಕೂರುವುದರ ಒಂದು ಚರಿತ್ರೆ

ಹರಿಹರದಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ತೆಲಿಗಿ ಎಂಬ ಊರಿದೆ. ಅಲ್ಲಿ ಒಮ್ಮೆ ಬಸ್ಸಿಗೆ ಕಾಯುತ್ತ, ಬಿಸಿಲು ತಾಳದೆ, ಒಂದು ಕಂಪ್ಯೂಟರ್ ಅಂಗಡಿಯೊಳಗೆ ಹೊಕ್ಕೆವು. ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ, ಪರೀಕ್ಷೆಯ ಅರ್ಜಿ, ಮದುವೆಯ ಕರೆಯೋಲೆ ಎಲ್ಲವೂ ಅಲ್ಲಿ ಆಗುತ್ತವೆ. ಅಂಗಡಿಯ ಹುಡುಗ ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಎಂಟಕ್ಕೆ ಏಳುವವನು. ಅವನು ಕೂತಿದ್ದು ಶಾಮಿಯಾನದವರು ಬಾಡಿಗೆಗೆ ಕೊಡುವಂಥ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಎತ್ತರ ಸಾಲದೆಂದು ಒಂದರೊಳಗೊಂದು ಎರಡು ಕುರ್ಚಿ ಸೇರಿಸಿದ್ದ. ಮೇಲೆ ಒಂದು ದಿಂಬು. ಬೆನ್ನಿಗೆ ಸುತ್ತಿಟ್ಟ ಟವೆಲ್ಲು. ನಮ್ಮ ಪರಿಚಯವಾದ ಮೇಲೆ ಕೇಳಿದ: "ಸಾರ್, ನೀವು ಬರೆಯೋರು. ನೀವೂ ದಿನಾ ಕಂಪ್ಯೂಟರ್ ಮುಂದೆ ಕುಂತಿರ್ತೀರಿ. ಯಾವ ಕುರ್ಚಿ ತಗಂಡ್ರೆ ಸೊಂಟ ನೋಯಲ್ಲ ಹೇಳ್ರಿ."

ಇಪ್ಪತ್ತು ವರ್ಷ ಕಥೆ ಬರೆದು ಸೊಂಟ ಕೆಡಿಸಿಕೊಂಡ ನಮಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಪ್ರಶ್ನೆ ಬೆಳೆಯತೊಡಗಿತು. ನೆಲದ ಮೇಲೆ ಕೂತು ಉಂಡು, ಓದಿ, ಬರೆದ ಜನ ನಾವು. ಕುರ್ಚಿಗೆ ಬಂದದ್ದು ಯಾವಾಗ, ಹೇಗೆ? ಬಂದ ಮೇಲೆ ನಮ್ಮ ಬೆನ್ನಿಗೆ ಏನಾಯಿತು?

ಮೊದಲು ಮಾತನ್ನೇ ನೋಡೋಣ. ಕುರ್ಚಿ ಎಂಬುದು ಅರಬ್ಬಿಯ 'ಕುರ್ಸಿ'. ಅರಬ್ಬಿಗೆ ಅದು ಬಂದದ್ದು ಆರಮಾಯಿಕ್ ಭಾಷೆಯಿಂದ. ಅದರ ಹಿಂದೆ ಪುರಾತನ ಮೆಸೊಪೊಟೇಮಿಯದ ಅಕ್ಕಾಡಿಯನ್, ಸುಮೇರಿಯನ್ ಭಾಷೆಗಳಿವೆ. ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಮಕ್ಕಳಿಂದ ಹೇಳಿಸುವ 'ಆಯತುಲ್ ಕುರ್ಸಿ'ಯಲ್ಲಿ ಇರುವುದೂ ಇದೇ ಪದ. ಅಲ್ಲಿ ಅದು ಆಕಾಶ ಭೂಮಿಗಳನ್ನು ವ್ಯಾಪಿಸಿದ ಪೀಠ. ಅಂಥ ಪದ ಕನ್ನಡಕ್ಕೆ ಬಂದು ನಾಲ್ಕು ಕಾಲಿನ ಸಾಮಾನಾಯಿತು. ತಮಿಳರು ನೋಡಿದ್ದನ್ನೇ ಹೇಳಿ 'ನಾರ್ಕಾಲಿ' ಎಂದರು. ಮಲಯಾಳಿಗಳು ಪೋರ್ಚುಗೀಸರಿಂದ 'ಕಸೇರ' ಪಡೆದರು. ಮೂರೂ ಕಡೆ ಹೊಸ ಹೆಸರು ಬೇಕಾಯಿತೆಂದರೆ ವಸ್ತುವೂ ಜನರ ಮನೆಗಳಿಗೆ ಹೊಸದಾಗಿತ್ತು ಎಂದೇ ಅರ್ಥ.

ಕೂರಲು ನಮ್ಮಲ್ಲಿ ಏನೂ ಇರಲಿಲ್ಲವೆಂದಲ್ಲ. ಚಾಪೆ, ಕಂಬಳಿ, ಜಮಖಾನ, ಮಣೆ, ಜಗಲಿ, ಕಟ್ಟೆ ಎಲ್ಲವೂ ಇದ್ದವು. ದೊಡ್ಡವರಿಗೆ ಗದ್ದುಗೆಯಿತ್ತು. ಪಕ್ಕದ ಕೊಟ್ಟೂರಿಗೆ ಹೋದವರು ಕೊಟ್ಟೂರೇಶ್ವರರ ಗದ್ದುಗೆಗೆ ನಮಿಸಿ ಬರುತ್ತಾರೆ. ರಾಜ ಕೂರುವುದೂ ಗದ್ದುಗೆ, ಗುರು ಐಕ್ಯವಾದ ಜಾಗವೂ ಗದ್ದುಗೆ. ಫಾರಸಿಯಲ್ಲಿ 'ನಶೀನ್' ಎಂದರೆ ಕೂತವರು. ಸಿಂಹಾಸನ ಏರಿದವನು ತಖ್ತ್‌ನಶೀನ್. ದರ್ಗಾದ ಪರಂಪರೆಯ ವಾರಸುದಾರ ಸಜ್ಜಾದಾನಶೀನ್. ಸಜ್ಜಾದೆ ಎಂದರೆ ನಮಾಜಿನ ಹಾಸು. ಒಂದು ಬಟ್ಟೆಯ ತುಂಡಿನ ಮೇಲೆ ಕೂತವನು ಎಂಬುದೇ ಸೂಫಿಗಳಲ್ಲಿ ದೊಡ್ಡ ಪದವಿ. ಮಠ, ದರ್ಗಾಗಳೆರಡರಲ್ಲೂ ಕೂರುವ ಜಾಗದಿಂದಲೇ ಅಧಿಕಾರಕ್ಕೆ ಹೆಸರು ಬಂದಿರುವುದು ಸೋಜಿಗ.

ಹಾಗೆಂದು ನೆಲದ ಕಾಲವನ್ನು ಸಮಾನತೆಯ ಕಾಲವೆಂದು ಹಾಡಿಹೊಗಳುವಂತಿಲ್ಲ. ಜಗಲಿಯ ಮೇಲೆ ಯಾರು, ಅಂಗಳದಲ್ಲಿ ಯಾರು, ಹೊರಗೆ ನಿಲ್ಲಬೇಕಾದವರು ಯಾರು ಎಂಬುದು ಊರಿಗೆ ಗೊತ್ತಿತ್ತು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಆ ಗೋಣಿಯನ್ನು ಶಾಲೆಯ ಜವಾನ ಕೂಡ ಮುಟ್ಟುತ್ತಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ತರತಮಕ್ಕೆ ಕುರ್ಚಿ ಹೊಸ ಅಳತೆಗೋಲಾಯಿತು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರನಾಗಿದ್ದ. ಕಚೇರಿ ಎಂದರೆ ಮೇಜು, ಕುರ್ಚಿ ಎಂಬ ಹೊಸ ಲೋಕ ಕಂಪನಿಯ ಆಡಳಿತದ ಜತೆ ಬೆಳೆಯಿತು. ಪಂಜಾಬಿನ ಕಡೆ ಸರ್ಕಾರ 'ಕುರ್ಸಿನಶೀನ್' ಎಂಬ ಪತ್ರವನ್ನೇ ಕೊಡುತ್ತಿತ್ತು. ಅದಿದ್ದವರು ಸಾಹೇಬನ ಎದುರು ಕುರ್ಚಿಯಲ್ಲಿ ಕೂರಬಹುದು, ಇಲ್ಲದವರು ನಿಲ್ಲಬೇಕು. ಬೆನ್ನಿಗೆ ಆಸರೆಯಾಗಬೇಕಿದ್ದ ವಸ್ತು ಅಂತಸ್ತಿನ ಗುರುತಾಗಿ ಮನೆ ಹೊಕ್ಕಿತು. ಇಂದಿಗೂ ನಮ್ಮಲ್ಲಿ 'ಕುರ್ಚಿಗೆ ಅಂಟಿಕೊಂಡವರು' ಎಂದರೆ ಸೊಂಟನೋವಿನವರು ಯಾರಿಗೂ ನೆನಪಾಗುವುದಿಲ್ಲ, ರಾಜಕಾರಣಿಗಳು ನೆನಪಾಗುತ್ತಾರೆ.

ಬರೆಯುವವರು ಮಾತ್ರ ಬಹುಕಾಲ ನೆಲದಲ್ಲೇ ಉಳಿದರು. ನಮ್ಮ ಸೀಮೆಯ ಕರಣಿಕರು, ಶಾನುಭೋಗರು ಚಕ್ಕಳಮಕ್ಕಳ ಹಾಕಿ, ಮುಂದೆ ಇಳಿಜಾರಿನ ಪೆಟ್ಟಿಗೆ ಇಟ್ಟುಕೊಂಡು ಊರಿನ ಭೂಮಿಯನ್ನೆಲ್ಲ ಬರೆದಿಟ್ಟರು. ಅದಕ್ಕೂ ಹಿಂದೆ ಕಡತವಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುವ ಪುಸ್ತಕವದು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದುಮಾಡುವ ಕಾಯ್ದೆ 1961ರಲ್ಲಿ ಬಂತು. ಮುಂದೆ ಸರ್ಕಾರಿ ಗ್ರಾಮಲೆಕ್ಕಿಗರು ಬಂದರು. ಈ ಶತಮಾನದ ಮೊದಲ ವರ್ಷಗಳಲ್ಲಿ 'ಭೂಮಿ' ಯೋಜನೆಯು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತೆಲಿಗಿಯ ಹುಡುಗ ಹತ್ತು ನಿಮಿಷದಲ್ಲಿ ತೆಗೆದುಕೊಡುವ ಪಹಣಿಯ ಹಿಂದೆ ಈ ಇಡೀ ಚರಿತ್ರೆಯಿದೆ. ಈಚೆಗೆ ಈ ತಾಲೂಕು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಜಿಲ್ಲೆ ಬದಲಾಯಿಸುತ್ತ ಬಂತು. ಹಾಗೆ ಬದಲಾದಾಗಲೆಲ್ಲ ಬರೆಯುವವರಿಗೆ ಹೊಸ ಕೆಲಸ ಬಿತ್ತು. ಅವರು ಯಾವುದರ ಮೇಲೆ ಕೂತು ಬರೆಯುತ್ತಾರೆ ಎಂದು ಯಾರೂ ಕೇಳಲಿಲ್ಲ.

ಉರ್ದುವಿನ ಕಥೆಯೂ ಇದೇ. ನಾವು ಉರ್ದು ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ತೊಡೆಯ ಮೇಲೆ ತಖ್ತಿ ಇಟ್ಟು ಅಲಿಫ್ ಬೆ ತಿದ್ದಿದವರು. ಬೆಂಚು ಕಂಡದ್ದು ಕನ್ನಡ ಹೈಸ್ಕೂಲಿಗೆ ಬಂದ ಮೇಲೆ. ನಮಗೆ ಗೊತ್ತಿದ್ದ ಕಾತಿಬರೊಬ್ಬರು ಎಡಗಾಲು ಮಡಿಚಿ, ಬಲ ಮೊಣಕಾಲು ಎತ್ತಿ, ಅದಕ್ಕೆ ಹಲಗೆ ಒರಗಿಸಿ ಬರೆಯುತ್ತಿದ್ದರು. ಆ ಮೊಣಕಾಲೇ ಅವರ ಮೇಜು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲರು ರೂಪಿಸಿದ ನೂರಿ ನಸ್ತಾಲೀಖ್ ಅಕ್ಷರಗಳು ಲಾಹೋರಿನ 'ಜಂಗ್' ಪತ್ರಿಕೆಯಲ್ಲಿ ಕಾಣಿಸಿಕೊಂಡವು. 1994ರಲ್ಲಿ ದೆಹಲಿಯಿಂದ 'ಇನ್‌ಪೇಜ್' ತಂತ್ರಾಂಶ ಬಂತು. 1927ರಲ್ಲಿ ಹುಟ್ಟಿದ ಚೆನ್ನೈನ 'ಮುಸಲ್ಮಾನ್' ಪತ್ರಿಕೆ ಆಮೇಲೂ ಬಹುಕಾಲ ಕೈಬರಹದಲ್ಲೇ ಹೊರಬಂತು. ಉಳಿದೆಡೆ ಕಾತಿಬರು ಕಸುಬು ಕಳೆದುಕೊಂಡರು. ಅವರ ಮಕ್ಕಳ ವಯಸ್ಸಿನವರು ಡಿಟಿಪಿ ಮಾಡಲು ಕುರ್ಚಿ ಏರಿದರು.

ಕನ್ನಡದಲ್ಲಿ ಕೀಬೋರ್ಡಿಗೆ ಕೀಲಿಮಣೆ ಎನ್ನುತ್ತೇವೆ. ಹಿಂದೆ ನಮ್ಮ ಕೆಳಗಿದ್ದ ಮಣೆ ಈಗ ಬೆರಳುಗಳ ಕೆಳಗೆ ಬಂದಿದೆ. ಕೆ.ಪಿ. ರಾವ್ ಅವರು ಕನ್ನಡದ ಬೆರಳುಗಳಿಗೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. ಕನ್ನಡದ ಬೆನ್ನಿಗೆ ಹೊಂದುವ ಕುರ್ಚಿಯ ಬಗ್ಗೆ ಅಷ್ಟು ಯೋಚನೆ ನಡೆಯಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ದೇಬಕುಮಾರ್ ಚಕ್ರವರ್ತಿಯವರ ಪುಸ್ತಕವೊಂದನ್ನು ತಂದಿತು. ಭಾರತೀಯರ ಮೈಯಳತೆಗಳನ್ನು ವಿನ್ಯಾಸಕಾರರಿಗಾಗಿ ಒಟ್ಟುಗೂಡಿಸಿದ ಕೆಲಸವದು. ಅದು ಏಕೆ ಬೇಕಿತ್ತೆಂದರೆ, ಬೇರೆ ದೇಶದ ಕಾಲಿನ ಉದ್ದಕ್ಕೆ ಮಾಡಿದ ಕುರ್ಚಿಯಲ್ಲಿ ನಮ್ಮ ಗಿಡ್ಡ ಮೈಕಟ್ಟಿನವರು, ಅದರಲ್ಲೂ ಹೆಂಗಸರು, ಕೂತರೆ ಪಾದ ನೆಲ ಮುಟ್ಟುವುದಿಲ್ಲ. ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಕೂತರೆ ಬೆನ್ನಿಗೇನಾಗುತ್ತದೆ ಎಂಬುದನ್ನು ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಿಂದ ಅಳೆಯುತ್ತ ಬಂದರು. ಬೆನ್ನುಮೂಳೆಯ ಬಿಲ್ಲೆಗೆ ಸೂಜಿ ಹಾಕಿ ಒತ್ತಡ ನೋಡುವ ಪ್ರಯೋಗವದು. ನಿಂತಾಗಿನ ಒತ್ತಡ 100 ಎಂದುಕೊಂಡರೆ ಆಸರೆಯಿಲ್ಲದೆ ನೆಟ್ಟಗೆ ಕೂತಾಗ 140, ಮುಂದಕ್ಕೆ ಬಾಗಿ ಕೂತಾಗ 185 ಎಂದು ಅವರ ಲೆಕ್ಕ ಹೇಳಿತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬನೇ ವ್ಯಕ್ತಿಯ ಮೇಲೆ ಮತ್ತೆ ಅಳೆದಾಗ, ಸಡಿಲವಾಗಿ ಕೂತರೆ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ವಿದ್ವಾಂಸರ ಜಗಳ ಏನೇ ಇರಲಿ, ಒಂದು ವಿಷಯ ಗಟ್ಟಿಯಾಗಿದೆ. ಒಂದೇ ಭಂಗಿ ಎಷ್ಟು ಸರಿಯಾಗಿದ್ದರೂ ಗಂಟೆಗಟ್ಟಲೆ ಉಳಿದರೆ ಮೈಗೆ ಒಗ್ಗುವುದಿಲ್ಲ. ನಮ್ಮ ಕಾತಿಬರು ಆಗಾಗ ಕಾಲು ಬದಲಿಸುತ್ತಿದ್ದರು, ಶಾಯಿಗೆಂದು ಏಳುತ್ತಿದ್ದರು. ಕಂಪ್ಯೂಟರ್ ಆ ನೆಪಗಳನ್ನೆಲ್ಲ ಕಿತ್ತುಕೊಂಡಿತು.

1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ 'ಏರಾನ್' ಎಂಬ ಜಾಲರಿಯ ಕುರ್ಚಿ ತಂದಿತು. ವಿನ್ಯಾಸಕಾರರಾದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಅದಕ್ಕೂ ಮೊದಲು ವಯಸ್ಸಾದವರ ಕುರ್ಚಿಗಾಗಿ ನಡೆಸಿದ ಪ್ರಯೋಗವೇ ಅದರ ಮೂಲ. ಬೆಂಗಳೂರಿನ ಐಟಿ ಕಚೇರಿಗಳಿಗೆ ಅಂಥ ಜಾಲರಿ ಕುರ್ಚಿಗಳು ಬಂದಾಗ ಜನ ಬೆರಗಾದರು. ಆದರೆ ಗಾಳಿಯಾಡುವ ಆಸನ ನಮಗೆ ಹೊಸದಲ್ಲ. ಬೆತ್ತ ಹೆಣೆದ ಕುರ್ಚಿ ನಮ್ಮ ತಾಲೂಕು ಕಚೇರಿಗಳಲ್ಲೆಲ್ಲ ಇತ್ತು. ಮೈಭಾರಕ್ಕೆ ತುಸು ಬಳುಕುತ್ತಿತ್ತು, ಬೆವರು ನಿಲ್ಲುತ್ತಿರಲಿಲ್ಲ. ಹರಿದರೆ ಹೆಣೆದುಕೊಡಲು ಬರುತ್ತಿದ್ದವರಲ್ಲಿ ಅಂಧರು ಬಹಳ. ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದ ಕಸುಬದು. ಪ್ಲಾಸ್ಟಿಕ್ ಕುರ್ಚಿ ಅಗ್ಗವಾಗಿ ಬಂದು ಆ ಬೆರಳುಗಳ ಅನ್ನವನ್ನೂ ಕಸಿಯಿತು.

ಈಗ ತೆಲಿಗಿಯ ಹುಡುಗನಿಗೆ ಉತ್ತರ. ಕುರ್ಚಿ ಕೊಳ್ಳುವಾಗ ಬೆಲೆ ಕೇಳುವ ಮೊದಲು ಹತ್ತು ನಿಮಿಷ ಅದರಲ್ಲಿ ಕೂತು ನೋಡಬೇಕು. ಪಾದಗಳೆರಡೂ ನೆಲಕ್ಕೆ ಪೂರ್ತಿ ಊರಬೇಕು. ಬೆನ್ನು ಒರಗಿಸಿ ಕೂತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಸೊಂಟದ ಒಳಬಾಗಿದ ಜಾಗಕ್ಕೆ ಕುರ್ಚಿಯ ಬೆನ್ನು ತಾಗಬೇಕು. ಭುಜಕ್ಕೆ ಮಾತ್ರ ತಾಗಿದರೆ ಉಪಯೋಗವಿಲ್ಲ. ಎತ್ತರ ಏರಿಸಿ ಇಳಿಸುವಂತಿರಬೇಕು. ಗಾಲಿಯದಾದರೆ ಐದು ಕಾಲಿನದು ನಾಲ್ಕರದಕ್ಕಿಂತ ಗಟ್ಟಿ, ಮಗುಚುವುದಿಲ್ಲ. ಕೈಯಾಸರೆ ಮೊಣಕೈಯ ಮಟ್ಟಕ್ಕಿರಬೇಕು, ಮೇಜಿಗೆ ತಗುಲಿ ನಿಮ್ಮನ್ನು ದೂರ ತಳ್ಳಬಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ತಲೆದಿಂಬು, ಹೊಳೆಯುವ ರೆಕ್ಸಿನ್ ಇವೆಲ್ಲ ಆಮೇಲಿನ ಮಾತು. ಅಷ್ಟು ಹಣವಿಲ್ಲದಿದ್ದರೆ ನೆಟ್ಟಗಿನ ಮರದ ಕುರ್ಚಿಯೇ ಸಾಕು. ಸೊಂಟಕ್ಕೆ ಆ ಟವೆಲ್ಲೇ ಇರಲಿ. ಮೇಜಿನೆತ್ತರಕ್ಕೆ ಕೂತು ಕಾಲು ಜೋಲಾಡಿದರೆ ಅಜ್ಜಿಯ ಊಟದ ಮಣೆಯನ್ನು ಪಾದದ ಕೆಳಗೆ ಇಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಎದುರಿಗಿದ್ದ ಗಿರಾಕಿ ಅಷ್ಟು ಹೊತ್ತು ಕಾದರೆ ಏನೂ ಆಗುವುದಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಹೇಳಿದಂತೆ. ಕೂರಲು ಕುರ್ಚಿಯಷ್ಟೇ ಸಾಲದು, ಕೂರುವ ಹಕ್ಕೂ ಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೇ ನಿಂತು ದುಡಿಯುವವರಿಗೆ ಸಮಯ ಸಿಕ್ಕಾಗ ಕೂರಲು ಆಸನವಿರಬೇಕೆಂಬ ಮಾತಿತ್ತು. ಅಂಗಡಿಗಳಿಗೆ ಅದು ತಲುಪಲು ಎಪ್ಪತ್ತು ವರ್ಷ ಬೇಕಾಯಿತು. ಕೇರಳದ ಬಟ್ಟೆಯಂಗಡಿಗಳ ಹೆಣ್ಣುಮಕ್ಕಳು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಾಗಿ ಪಡೆದರು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಮ್ಮ ಊರುಗಳ ಬಟ್ಟೆಯಂಗಡಿಗಳಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗಿಯರನ್ನು ಒಮ್ಮೆ ಗಮನಿಸಿ. ಗಿರಾಕಿಗೆ ಕುರ್ಚಿ, ಮಾಲೀಕನಿಗೆ ಗಾದಿ, ಅವರಿಗೆ ನೆಲವೂ ಇಲ್ಲ. ಇತ್ತ ಮನೆಗಳಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಸುತ್ತುವ ನಮ್ಮ ಅಕ್ಕಂದಿರು ದಿನವಿಡೀ ಕೂತೇ ಇರುತ್ತಾರೆ. ಅವರ ಸೊಂಟದ ಅಳತೆ ಯಾವ ವಿನ್ಯಾಸಕಾರನ ಮೇಜಿಗೂ ಬಂದಂತಿಲ್ಲ.

ಈಗ ಮಸೀದಿಗಳಲ್ಲಿಯೂ ಸಾಲಿನ ಕೊನೆಗೆ ಕೆಲವು ಕುರ್ಚಿ ಕಾಣುತ್ತವೆ. ಮಂಡಿ ಮಡಿಚಲಾಗದ ಹಿರಿಯರು ಅದರ ಮೇಲೆ ಕೂತೇ ನಮಾಜು ಮಾಡುತ್ತಾರೆ. ಅಲ್ಲಿ ನೆಲದ ಮೇಲಿರುವವನಿಗಿಂತ ಕುರ್ಚಿಯ ಮೇಲಿರುವವನು ದೊಡ್ಡವನಲ್ಲ. ನೋವಿದ್ದವನಿಗೆ ಕುರ್ಚಿ, ಅಷ್ಟೆ. ಎಲ್ಲ ಕಡೆಯೂ ಕುರ್ಚಿ ಹಾಗೆ ಹಂಚಿಕೆಯಾಗಬೇಕಿತ್ತು ಎಂದು ನಮಗೆ ಅನಿಸುತ್ತದೆ. ಮುಂದಿನ ಸಲ ತೆಲಿಗಿಯಲ್ಲಿ ಇಳಿದಾಗ ಆ ಹುಡುಗ ಏನು ಕೊಂಡ ಎಂದು ನೋಡಿ ಬರಬೇಕು.