ಮೇಷ್ಟರ ಕೈಗೆ ಬಂದ ಕಂಪ್ಯೂಟರ್

ಶಾಲೆಗೆ ಕಂಪ್ಯೂಟರ್ ತರಿಸಲು ಹಣವಿದ್ದರೆ ಸಾಕು. ಅದು ಉಪಾಧ್ಯಾಯರ ಕೈಗೆ ಒಗ್ಗುವುದು ಬೇರೆಯೇ ಮಾತು. ನೆರೆಯ ಕೇರಳ ಈ ಅಂತರವನ್ನು ದಾಟಿದ ಬಗೆ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಗಮನಿಸಬೇಕಾದ ಒಂದು ಅಧ್ಯಾಯ.

ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಪಾಠ ಹೇಗಿರಬೇಕೆಂದು ಸೂಚಿಸಲು ಕೇರಳ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನವರಾದ, ಇಸ್ರೋದ ಮಾಜಿ ಅಧ್ಯಕ್ಷ ಪ್ರೊ. ಯು.ಆರ್. ರಾವ್. ಅದರ ಶಿಫಾರಸಿನಂತೆ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ರೂಪುಗೊಂಡಿತು. ಮೊದಲು ಪಾಠಗಳು ವಿಂಡೋಸನ್ನು ಆಧರಿಸಿದ್ದವು. ಸರ್ಕಾರಿ ಶಾಲೆಯ ಮಕ್ಕಳನ್ನು ಒಂದೇ ಕಂಪನಿಯ ಗಿರಾಕಿಗಳನ್ನಾಗಿ ಮಾಡುವುದೇಕೆ ಎಂಬ ಆಕ್ಷೇಪ ಉಪಾಧ್ಯಾಯರ ಸಂಘದಿಂದಲೇ ಎದ್ದಿತು.

ಪರ್ಯಾಯದ ಚರ್ಚೆ ಆಗಲೇ ರಾಜ್ಯದಲ್ಲಿ ನಡೆದಿತ್ತು. 1983ರಲ್ಲಿ ಸ್ವತಂತ್ರ ತಂತ್ರಾಂಶದ ಚಳವಳಿಗೆ ನಾಂದಿ ಹಾಡಿದ ರಿಚರ್ಡ್ ಸ್ಟಾಲ್‌ಮನ್ 2001ರ ಜುಲೈನಲ್ಲಿ ತಿರುವನಂತಪುರಕ್ಕೆ ಬಂದಿದ್ದರು. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹವನ್ನು ಓದಿ ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು ಎಂಬುದು ಆ ಚಳವಳಿಯ ತತ್ವ. ಉಪಾಧ್ಯಾಯರಿಗೆ ಇದು ಹೊಸದೇನಲ್ಲ. ಪಾಠದ ಟಿಪ್ಪಣಿಯನ್ನು, ಮಾದರಿ ಪ್ರಶ್ನೆಪತ್ರಿಕೆಯನ್ನು ಪಕ್ಕದ ಶಾಲೆಯವರಿಗೆ ಕೊಡುವುದು ಅವರ ವೃತ್ತಿಯ ರೂಢಿ. ಲೈಸೆನ್ಸಿನ ತಂತ್ರಾಂಶದಲ್ಲಿ ಅಂಥ ಹಂಚಿಕೆಯೇ ಕಳ್ಳತನ.

ಆದರೂ ಅಳುಕು ಇದ್ದೇ ಇತ್ತು. ಹೊರಗಡೆ ಎಲ್ಲರೂ ವಿಂಡೋಸ್ ಬಳಸುವಾಗ ನಮ್ಮ ಮಕ್ಕಳು ಲಿನಕ್ಸ್ ಕಲಿತು ಮಾಡುವುದೇನು? ಯಂತ್ರ ಕೆಟ್ಟರೆ ನೋಡುವವರು ಯಾರು? ಇದಕ್ಕೆ ಕೇರಳ ಕಂಡುಕೊಂಡ ದಾರಿ ಸರಳವಾದದ್ದು. ಹೊರಗಿನ ತಜ್ಞರನ್ನು ಕರೆಸುವ ಬದಲು ಉಪಾಧ್ಯಾಯರಲ್ಲೇ ಕೆಲವರನ್ನು ಆರಿಸಿ ಮುಖ್ಯ ತರಬೇತುದಾರರನ್ನಾಗಿ ಮಾಡಲಾಯಿತು. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಉಪಾಧ್ಯಾಯರು ಈ ಕೆಲಸದ ಹೊಣೆ ಹೊತ್ತರು. ಕೆಟ್ಟ ಯಂತ್ರಗಳನ್ನು ತಾವೇ ಬಿಚ್ಚಿ ಸರಿಪಡಿಸುವ ಶಿಬಿರಗಳೂ ನಡೆದವು. ಗಣಿತದ ಮೇಷ್ಟರಿಗೆ ಹೇಳಿಕೊಟ್ಟವರೂ ಗಣಿತದ ಮೇಷ್ಟರೇ ಆದ್ದರಿಂದ ಭಯ ಕಡಿಮೆಯಾಯಿತು.

ಅವರನ್ನು ಒಲಿಸಿದ್ದು ತತ್ವಕ್ಕಿಂತ ಉಪಯೋಗ. ಆಸ್ಟ್ರಿಯದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಜಿಯೋಜೀಬ್ರ ಎಂಬ ಗಣಿತದ ತಂತ್ರಾಂಶವನ್ನು ರಚಿಸಲು ತೊಡಗಿದ್ದರು. ಅದರಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದು ಎಳೆದರೆ ಆಕಾರ ಬದಲಾಗುತ್ತದೆ. ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯೇ. ಕಪ್ಪುಹಲಗೆಯ ಮೇಲೆ ಹತ್ತು ಚಿತ್ರ ಬರೆದು ಒಪ್ಪಿಸಬೇಕಾದದ್ದು ಮಕ್ಕಳ ಕಣ್ಣೆದುರಿಗೇ ನಡೆಯುತ್ತದೆ. ಮಲಯಾಳಂ ಅಕ್ಷರಗಳ ತೊಡಕುಗಳನ್ನೂ ಸ್ವಯಂಸೇವಕರೇ ಬಿಡಿಸಿದರು. ಒಳಗಿನ ಬರಹ ತೆರೆದಿದ್ದರಿಂದ ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

2008ರ ಹೊತ್ತಿಗೆ ಹತ್ತನೆಯ ತರಗತಿಯ ಐಟಿ ಪರೀಕ್ಷೆ ಸ್ವತಂತ್ರ ತಂತ್ರಾಂಶದಲ್ಲೇ ನಡೆಯತೊಡಗಿತು. ಇದರಿಂದ ₹300 ಕೋಟಿ ಉಳಿತಾಯವಾಯಿತೆಂದು ಕೇರಳ 2017ರಲ್ಲಿ ಲೆಕ್ಕ ಕೊಟ್ಟಿತು.

ಕರ್ನಾಟಕದ ಆರಂಭದ ದಾರಿ ಬೇರೆಯಾಗಿತ್ತು. ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಕಂಪ್ಯೂಟರ್ ಬೋಧನೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಲಾಗಿತ್ತು. ಗುತ್ತಿಗೆಯ ಬೋಧಕರು ಬಂದು ಕಲಿಸಿದರು. ಶಾಲೆಯ ಮೇಷ್ಟರು ಹೊರಗೇ ಉಳಿದರು. ಗುತ್ತಿಗೆ ಮುಗಿದ ಮೇಲೆ ಕಲಿಸುವ ಹೊಣೆಯನ್ನು ಹೊರಲು ಒಳಗೆ ಯಾರೂ ಸಿದ್ಧವಾಗಿರಲಿಲ್ಲ. ಮುಂದೆ 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಈ ಕೊರತೆಯನ್ನು ತುಂಬಲು ಹೊರಟಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಮುಕ್ತ ತಂತ್ರಾಂಶಗಳನ್ನು ಕಲಿತು, ಕನ್ನಡದಲ್ಲಿ ಪಾಠ ಸಾಮಗ್ರಿ ರಚಿಸಿ, ಒಬ್ಬರಿಗೊಬ್ಬರು ಹಂಚಿಕೊಳ್ಳತೊಡಗಿದರು.

ಈಗ ಶಾಲೆಯ ಬಾಗಿಲಿಗೆ ಮೊಬೈಲ್ ಆ್ಯಪ್‌ಗಳು ಬಂದು ನಿಂತಿವೆ. ಹಲವು ಪುಕ್ಕಟೆಯೂ ಹೌದು. ಆದರೆ ಪುಕ್ಕಟೆಯಾದದ್ದೆಲ್ಲ ಸ್ವತಂತ್ರವಲ್ಲ. ಬೇಕಾದಂತೆ ತಿದ್ದಿಕೊಂಡು ಪಕ್ಕದ ಶಾಲೆಗೆ ಕೊಡಬಹುದೇ ಎಂದು ಮೇಷ್ಟರು ಒಮ್ಮೆ ಕೇಳಿ ನೋಡಿದರೆ ಎರಡರ ವ್ಯತ್ಯಾಸ ತಿಳಿದೀತು.