ಯಾವಾಗ ಬಂತು, ಎಷ್ಟು ಹೋಯಿತು: ಹೆರಿಗೆಯ ನಂತರದ ರಕ್ತಸ್ರಾವ ಮತ್ತು ಪುಣೆ ಸೀಮೆಯ ದಾಖಲೆಗಳು

ಹೆರಿಗೆಯಾದ ಮೇಲೆ ನಾಲ್ಕರಿಂದ ಆರು ವಾರ ಸ್ರಾವ ಇರುವುದು ಸಹಜ. ಅದು ನಿಂತ ಮೇಲೆ ಮುಟ್ಟು ಮರಳುವ ಕಾಲ ಎಲ್ಲರಿಗೂ ಒಂದೇ ಅಲ್ಲ. ಎದೆಹಾಲು ಕೊಡದವರಲ್ಲಿ ಎರಡು ತಿಂಗಳೊಳಗೇ ಬರಬಹುದು. ಹಾಲೂಡಿಸುವವರಲ್ಲಿ ವರ್ಷ ಕಳೆದರೂ ಬಾರದಿರಬಹುದು. ಮರಳಿದ ಮುಟ್ಟು ಮೊದಲ ಕೆಲವು ತಿಂಗಳು ಲೆಕ್ಕ ತಪ್ಪುವುದೂ ಉಂಟು. ಆದರೆ ಈ ಸಹಜತೆಯ ಮರೆಯಲ್ಲೇ ಕಾಯಿಲೆಯೂ ಅಡಗಿರಬಹುದು: ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಸೋಂಕು, ಥೈರಾಯ್ಡ್ ಏರುಪೇರು, ಸಿಸೇರಿಯನ್ ಗಾಯದಲ್ಲಿ ಉಳಿದ ಕುಳಿ, ರಕ್ತ ಹೆಪ್ಪುಗಟ್ಟದ ದೋಷ, ಅಪರೂಪಕ್ಕೆ ಮಾಸಿನ ಕೋಶಗಳಿಂದ ಹುಟ್ಟುವ ಕ್ಯಾನ್ಸರ್. ಸಹಜವನ್ನೂ ಕಾಯಿಲೆಯನ್ನೂ ಬೇರ್ಪಡಿಸಲು ಎರಡು ಪ್ರಶ್ನೆಗಳಾದರೂ ಬೇಕು. ಯಾವಾಗ ಬಂತು? ಎಷ್ಟು ಹೋಯಿತು?

ಪುಣೆ ಸೀಮೆಯ ಒಂದೂವರೆ ಶತಮಾನದ ಸಾರ್ವಜನಿಕ ದಾಖಲೆಗಳಲ್ಲಿ ಮೊದಲ ಪ್ರಶ್ನೆಗೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಗಲಿಲ್ಲ. ಸ್ರಾವವು ಬೇರೆ ಯಾವುದಾದರೂ ಗುರಿಗೆ ಅಡ್ಡ ಬಂದಾಗ ಮಾತ್ರ ಅದರ ಪ್ರಮಾಣದ ಮಾತು ಎದ್ದಿತು ಎಂಬುದು ಈ ಲೇಖನದ ವಾದ. ಮಹಿಳಾ ವೈದ್ಯಕೀಯ, ಜನಸಂಖ್ಯಾಶಾಸ್ತ್ರ, ಸಮುದಾಯ ಆರೋಗ್ಯ ಮೂರೂ ಪುಣೆಯಲ್ಲಿ ಬೇರುಬಿಟ್ಟವು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಅದೇ ಮುಂಬಯಿ ಆಡಳಿತದಲ್ಲಿದ್ದುದರಿಂದ ಈ ಚರಿತ್ರೆಯಲ್ಲಿ ಕನ್ನಡನಾಡಿನ ಪಾಲೂ ಇದೆ.

ಬಾಣಂತನದ ಎರಡು ಮಿತಿಗಳು

ಆಯುರ್ವೇದದಲ್ಲಿ ಬಾಣಂತಿಯ ಆರೈಕೆಗೆ ಸೂತಿಕಾ ಪ್ರಕರಣ, ಅತಿಯಾದ ಮುಟ್ಟಿಗೆ ಅಸೃಗ್ದರ ಎಂಬ ಪ್ರತ್ಯೇಕ ರೋಗ ಇವೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಅಸೃಗ್ದರವನ್ನು ವಿವರಿಸುತ್ತದೆ. ಮಾಧವನಿದಾನ ಅದರ ಕಾರಣಗಳಲ್ಲಿ ಗರ್ಭಪಾತದ ಜೊತೆಗೆ ಭಾರ ಹೊರುವುದು, ದೂರ ನಡೆಯುವುದು, ಶೋಕ ಇವನ್ನೂ ಸೇರಿಸುತ್ತದೆ. ದುಡಿಯುವ ಹೆಣ್ಣಿನ ದಿನಚರಿಯೇ ರೋಗದ ಮೂಲವಾಗಬಹುದೆಂಬ ಗ್ರಹಿಕೆ ಇಲ್ಲಿದೆ.

ಬಾಣಂತನ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಭಾವಪ್ರಕಾಶ ಎರಡು ಮಿತಿಗಳನ್ನು ಹೇಳುತ್ತದೆ: ಒಂದೂವರೆ ತಿಂಗಳು, ಇಲ್ಲವೇ ಮುಟ್ಟು ಮತ್ತೆ ಕಾಣಿಸಿಕೊಳ್ಳುವವರೆಗೆ. ಮೊದಲನೆಯದು ದಿನಗಳ ಲೆಕ್ಕ, ಎರಡನೆಯದು ದೇಹದ ಲೆಕ್ಕ. ತಾಯಿಮರಣದ ಇಂದಿನ ಅಂತಾರಾಷ್ಟ್ರೀಯ ವ್ಯಾಖ್ಯೆ ಹೆರಿಗೆಯ ನಂತರದ 42 ದಿನಗಳನ್ನು ಮಿತಿಯಾಗಿ ಇಟ್ಟುಕೊಂಡಿದೆ. ಆಡಳಿತಕ್ಕೆ ದಕ್ಕಿದ್ದು ದಿನಗಳ ಲೆಕ್ಕ ಮಾತ್ರ.

ವೈದ್ಯೆಯರು ಮತ್ತು ದಾದಿಯರು

ಆನಂದಿಬಾಯಿ ಜೋಶಿ ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನ ಮಾತ್ರ ಬದುಕಿತ್ತು. 1883ರ ಫೆಬ್ರವರಿಯಲ್ಲಿ ಶ್ರೀರಾಂಪುರದ ಕಾಲೇಜಿನಲ್ಲಿ ಮಾತನಾಡುತ್ತ ಆಕೆ, ಹಿಂದೂ ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು ಎಂದು ವಾದಿಸಿದರು. 1886ರ ಮಾರ್ಚ್ 11ರಂದು ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದಾಗ ಅವರ ಪ್ರಬಂಧದ ವಿಷಯ ಹಿಂದೂಗಳ ಪ್ರಸೂತಿಶಾಸ್ತ್ರ. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗ ಅವರಿಗಾಗಿ ಕಾದಿತ್ತು. ಅಧಿಕಾರ ವಹಿಸಿಕೊಳ್ಳುವ ಮೊದಲೇ, 1887ರ ಫೆಬ್ರವರಿ 26ರಂದು, ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ.

ಗಂಡು ವೈದ್ಯರ ಮುಂದೆ ಹೆಂಗಸರು ಬಾಯಿ ಬಿಡುವುದಿಲ್ಲ ಎಂಬ ಆನಂದಿಬಾಯಿಯ ಕಾಳಜಿಗೆ ಸಾಂಸ್ಥಿಕ ಉತ್ತರಗಳು ಬಂದವು. 1885ರಲ್ಲಿ ಹೆಂಗಸರಿಗೆ ವೈದ್ಯಕೀಯ ನೆರವು ಒದಗಿಸುವ ಡಫರಿನ್ ನಿಧಿ ಸ್ಥಾಪನೆಯಾಯಿತು. 1909ರಲ್ಲಿ ರಮಾಬಾಯಿ ರಾನಡೆ ಪುಣೆಯಲ್ಲಿ ಸೇವಾಸದನ ಆರಂಭಿಸಿದರು. ಅದು ವಿಧವೆಯರನ್ನೂ ನರ್ಸಿಂಗ್ ಮತ್ತು ಹೆರಿಗೆ ತರಬೇತಿಗೆ ತಂದಿತು. 1867ರಿಂದ ನಡೆಯುತ್ತಿದ್ದ ಸಸೂನ್ ಆಸ್ಪತ್ರೆ ಈ ತರಬೇತಿಗೆ ನೆಲೆಯಾಯಿತು. ಆದರೆ ದಾದಿಯ ಕೆಲಸ ಹೆರಿಗೆಯ ಕೋಣೆಗೆ ಕಟ್ಟುಬಿದ್ದಿತ್ತು. ನಂಜು, ಮಾಸು ಬೀಳದಿರುವುದು, ಆ ಗಳಿಗೆಯ ರಕ್ತಪ್ರವಾಹ ಇವು ಕಲಿಸಬೇಕಾದ ಅಪಾಯಗಳಾಗಿದ್ದವು. ತೊಟ್ಟಿಲು ತೂಗುವ ತಿಂಗಳುಗಳಲ್ಲಿ ಹೋಗುವ ರಕ್ತ ಆ ಕೋಣೆಯ ಹೊರಗಿನ ಮಾತಾಗಿತ್ತು.

ಎಣಿಕೆಯ ಕಾಲ

1930ರಲ್ಲಿ ಸ್ಥಾಪನೆಯಾದ ಗೋಖಲೆ ಸಂಸ್ಥೆ ಸ್ವಾತಂತ್ರ್ಯದ ನಂತರ ಪುಣೆಯನ್ನು ಜನಸಂಖ್ಯಾ ಅಧ್ಯಯನದ ಕೇಂದ್ರವಾಗಿಸಿತು. ಅಲ್ಲಿನ ಸಂಶೋಧಕರಾದ ವಿ.ಎಂ. ದಾಂಡೇಕರ್ ಮತ್ತು ಕುಮುದಿನಿ ದಾಂಡೇಕರ್ ಪುಣೆ ಜಿಲ್ಲೆಯ ಜನನ–ಮರಣಗಳ ಸಮೀಕ್ಷೆಯನ್ನು 1953ರಲ್ಲಿ ಪ್ರಕಟಿಸಿದರು. ಜನಸಂಖ್ಯಾಶಾಸ್ತ್ರಕ್ಕೆ ಹೆರಿಗೆಯ ನಂತರ ಮುಟ್ಟು ಮರಳುವ ಕಾಲ ಬಹಳ ಮುಖ್ಯ; ಮುಂದಿನ ಗರ್ಭದ ಸಾಧ್ಯತೆ ತೆರೆಯುವುದು ಅಲ್ಲಿಂದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಹೆತ್ತ ಎಷ್ಟು ತಿಂಗಳು ಮುಟ್ಟು ನಿಂತಿತ್ತು ಎಂಬ ಕೋಷ್ಟಕ ಕೊಡುತ್ತದೆ. ಮರಳಿದ ಮುಟ್ಟು ಮೂರು ದಿನವೋ ಹದಿನೈದು ದಿನವೋ ಎಂಬುದು ಆ ಕೋಷ್ಟಕದ ಪ್ರಶ್ನೆಯಲ್ಲ.

ಪ್ರಮಾಣದ ಪ್ರಶ್ನೆಯನ್ನು ಮುನ್ನೆಲೆಗೆ ತಂದದ್ದು ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ವಂಕಿ. 1965ರಲ್ಲಿ ಲಿಪ್ಪೆಸ್ ಲೂಪ್ ಎಂಬ ವಂಕಿ ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ ಸೇರಿತು. 1966–67ರಲ್ಲಿ ದೇಶದಾದ್ಯಂತ ಸುಮಾರು 9 ಲಕ್ಷ ವಂಕಿಗಳನ್ನು ಹಾಕಲಾಯಿತು; 1968–69ರ ಹೊತ್ತಿಗೆ ಸಂಖ್ಯೆ 5 ಲಕ್ಷಕ್ಕಿಂತ ಕೆಳಗಿಳಿಯಿತು. ಅತಿಸ್ರಾವ ಮತ್ತು ನೋವು ಈ ಇಳಿಕೆಯ ಮುಖ್ಯ ಕಾರಣಗಳಲ್ಲಿದ್ದವು. ಹೆಂಗಸರು ವಂಕಿ ತೆಗೆಸಿದ ಮೇಲೆ ರಕ್ತಸ್ರಾವ ಯೋಜನಾಕಾರರ ಗಮನಕ್ಕೆ ಬಂತು, ಅದೂ ‘ಅಡ್ಡಪರಿಣಾಮ’ ಎಂಬ ಹಣೆಪಟ್ಟಿಯೊಂದಿಗೆ. ಇಂದು ಹೆರಿಗೆಯಾದ ಕೂಡಲೇ ಹಾಕುವ ಕಾಪರ್-ಟಿ, 2017ರಿಂದ ‘ಅಂತರ’ ಹೆಸರಿನಲ್ಲಿ ಸಿಗುವ ಚುಚ್ಚುಮದ್ದು ಎರಡೂ ಮುಟ್ಟಿನ ಲಯ ಬದಲಿಸಬಲ್ಲವು. ಹೆತ್ತ ನಾಲ್ಕನೆಯ ತಿಂಗಳ ಸ್ರಾವ ದೇಹದ ಸಹಜ ಏರುಪೇರೋ, ಔಷಧದ ಪರಿಣಾಮವೋ, ಕಾಯಿಲೆಯೋ ಎಂದು ಬಿಡಿಸುವುದು ಹೀಗೆ ಇನ್ನಷ್ಟು ತೊಡಕಾಗಿದೆ.

ಹಳ್ಳಿಗಳಿಂದ ಬಂದ ಸಾಕ್ಷ್ಯ

ವೈದ್ಯೆ ಬಾನೂ ಕೋಯಾಜಿ 1944ರಲ್ಲಿ ಸೇರಿದಾಗ ಪುಣೆಯ ಕೆಇಎಂ ಸುಮಾರು 40 ಹಾಸಿಗೆಗಳ ಹೆರಿಗೆ ಆಸ್ಪತ್ರೆ. 1970ರ ದಶಕದಲ್ಲಿ ಅವರು ವಡು ಗ್ರಾಮದಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭಿಸಿ ವೈದ್ಯಕೀಯವನ್ನು ಮನೆ ಬಾಗಿಲಿಗೆ ಒಯ್ದರು. ಅದೇ ಆಸ್ಪತ್ರೆಯ ಪುಣೆ ತಾಯಿ ಪೌಷ್ಟಿಕತೆ ಅಧ್ಯಯನ 1993ರಲ್ಲಿ ಆರು ಹಳ್ಳಿಗಳ ಸುಮಾರು ಎರಡೂವರೆ ಸಾವಿರ ವಿವಾಹಿತೆಯರನ್ನು ನೋಂದಾಯಿಸಿತು. ಕಾರ್ಯಕರ್ತೆಯರು ಪ್ರತಿ ತಿಂಗಳು ಮನೆಗೆ ಹೋಗಿ ಮುಟ್ಟಿನ ದಿನಾಂಕ ಬರೆದುಕೊಂಡರು. ಮುಟ್ಟು ತಪ್ಪಿದವರಿಗೆ ಸ್ಕ್ಯಾನಿಂಗ್ ನಡೆಯಿತು. ಗರ್ಭದ ಆರಂಭವನ್ನು ಕರಾರುವಾಕ್ಕಾಗಿ ಗುರುತಿಸುವುದು, ತಾಯಿಯ ಆಹಾರಕ್ಕೂ ಮಗುವಿನ ಬೆಳವಣಿಗೆಗೂ ಇರುವ ನಂಟನ್ನು ಅಳೆಯುವುದು ಅಧ್ಯಯನದ ಗುರಿ. ಆ ಗುರಿಗೆ ಬೇಕಾದದ್ದು ದಿನಾಂಕ. ಹಾಗಿದ್ದರೂ ತಿಂಗಳು ತಿಂಗಳೂ ಮುಟ್ಟಿನ ಬಗ್ಗೆ ಕೇಳಬಹುದು, ಹೆಂಗಸರು ಉತ್ತರಿಸುತ್ತಾರೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಮಹಾರಾಷ್ಟ್ರದ ಇನ್ನೊಂದು ತುದಿಯ ಗಡಚಿರೋಲಿಯಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರ ತಂಡ 772 ಹೆಂಗಸರನ್ನು ಹೆರಿಗೆಯಿಂದ 28ನೆಯ ದಿನದವರೆಗೆ ಮನೆಯಲ್ಲೇ ಗಮನಿಸಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೆರಿಗೆಯ ಹೊತ್ತಿನ ಅತಿಸ್ರಾವ ಶೇ. 3.2, ದಿನಗಳು ಕಳೆದ ಮೇಲೆ ಬರುವ ಅತಿಸ್ರಾವ ಶೇ. 15.2. ಎಲ್ಲರೂ ಅಂಜುವ ಗಳಿಗೆ ಕಳೆದ ಮೇಲೆ ಶುರುವಾಗುವ ತೊಂದರೆ ಸುಮಾರು ಐದು ಪಟ್ಟು ಹೆಚ್ಚು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಳತೆಯ ವಿಧಾನವನ್ನೇ ಬದಲಿಸಿತು. ಹೆರಿಗೆಯಾದ ಕೂಡಲೇ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ತುದಿಯಲ್ಲಿ ಒಂದು ಚೀಲ, ಅದರ ಮೇಲೆ ಮಿಲಿಲೀಟರ್ ಗೆರೆಗಳು. ಕಣ್ಣಂದಾಜಿನ ಬದಲು ಗೆರೆ ನೋಡಿ ಬರೆಯುವುದು. ಆರೋಗ್ಯ ಸಹಾಯಕಿಯರು ಹೆರಿಗೆ ಮಾಡಿಸಿದ 1,620 ಹೆಂಗಸರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆ ಅತಿಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿತೆಂದು 2006ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. ರಕ್ತವನ್ನು ಅಳೆದದ್ದರಿಂದಲೇ ಇದು ಸಾಬೀತಾಯಿತು. ಆದರೆ ಆ ಚೀಲದ ಕೆಲಸ ಹೆರಿಗೆಯ ನಂತರದ ಮೊದಲ ಒಂದೆರಡು ಗಂಟೆಗೆ ಮುಗಿಯುತ್ತದೆ.

ನಲವತ್ತೆರಡನೆಯ ದಿನದ ಆಚೆ

ಗಡಚಿರೋಲಿಯ ಮಾದರಿಯಿಂದ ರೂಪುಗೊಂಡು 2011ರಲ್ಲಿ ದೇಶದಾದ್ಯಂತ ಬಂದ ಮನೆಭೇಟಿ ಕಾರ್ಯಕ್ರಮದಲ್ಲಿ ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಅವರ ನಮೂನೆಯಲ್ಲಿ ತಾಯಿಗೊಂದು ಪ್ರಶ್ನೆ ಇದೆ: ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದಿರಿ? ಐದಕ್ಕಿಂತ ಹೆಚ್ಚಾದರೆ ಆಸ್ಪತ್ರೆಗೆ ಕಳಿಸಬೇಕು. ಅಕ್ಷರ ಬಾರದವರೂ ಉತ್ತರಿಸಬಹುದಾದ ಸರಳ ಅಳತೆ ಇದು. 42ನೆಯ ದಿನದ ನಂತರದ ಭೇಟಿಗಳು 3, 6, 9, 12, 15ನೆಯ ತಿಂಗಳಲ್ಲಿ. ಆಗ ಕೇಂದ್ರದಲ್ಲಿರುವುದು ಮಗುವಿನ ಬೆಳವಣಿಗೆ.

ತಾಯಿಯ ಪಾಲಿಗೆ ಉಳಿಯುವುದು ಮುಖ್ಯವಾಗಿ ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ನಂತರ 180 ದಿನ. ತಿಂಗಳಿಗೆ 80 ಮಿಲಿಲೀಟರ್ ಮೀರಿದರೆ ಅತಿಮುಟ್ಟು ಎಂಬ ಮಾನದಂಡ 1966ರ ಸ್ವೀಡನ್ ಅಧ್ಯಯನದಿಂದ ಬಂದದ್ದು. ಅಷ್ಟು ರಕ್ತದೊಂದಿಗೆ 30 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ತುಂಬಿಸುವ ಲೆಕ್ಕ ಇಟ್ಟು ಸೋರುವ ಲೆಕ್ಕ ಇಡದಿದ್ದರೆ ಈ ಅಂಕಿ ಇಳಿಯುವುದು ಕಷ್ಟ.

ಕೇಳದೆ ಬಿಟ್ಟದ್ದಕ್ಕೆ ಇನ್ನೊಂದು ಬೆಲೆಯೂ ಇದೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲೂ ಕಲಬುರಗಿಯ ತಾಂಡಾಗಳಲ್ಲೂ ಎಳೆಯ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿದ ಪ್ರಕರಣಗಳು ಕಳೆದ ದಶಕದಲ್ಲಿ ಬಯಲಾದವು. ಮೊದಲೇ ಔಷಧದಿಂದ ಹತೋಟಿಗೆ ತರಬಹುದಾದ ಸ್ರಾವವೂ ವರ್ಷಗಟ್ಟಲೆ ಸಹಿಸಿದ ಮೇಲೆ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುತ್ತದೆ.

ಸಮಾರೋಪ

ಎಷ್ಟು ಹೋಯಿತು ಎಂಬ ಪ್ರಶ್ನೆ ಅಳೆಯುವ ಬಗೆ ಗೊತ್ತಿಲ್ಲದೆ ಉಳಿದದ್ದಲ್ಲ. ಬೆಳಗಾವಿಯಲ್ಲಿ ಅಳತೆ ಇತ್ತು, ಪುಣೆಯಲ್ಲಿ ತಿಂಗಳ ಭೇಟಿ ಇತ್ತು, ಆಶಾ ನಮೂನೆಯಲ್ಲಿ ಪ್ರಶ್ನೆ ಇದೆ. ಮೂರೂ ಒಂದೆಡೆ ಕೂಡಲಿಲ್ಲ, ಅಷ್ಟೇ. ಪ್ಯಾಡ್ ಲೆಕ್ಕದ ಆ ಒಂದು ಸಾಲನ್ನು 3ನೆಯ ತಿಂಗಳಿನಿಂದ 15ನೆಯ ತಿಂಗಳವರೆಗಿನ ಭೇಟಿಗಳಿಗೂ ಹಾಕಿಕೊಂಡರೆ, ಮುಟ್ಟು ಮರಳುವವರೆಗೆ ಬಾಣಂತನ ಎಂಬ ಭಾವಪ್ರಕಾಶದ ಎರಡನೆಯ ಮಿತಿ ಸರ್ಕಾರಿ ಕಾಗದದಲ್ಲಿ ಜಾಗ ಪಡೆಯುತ್ತದೆ.