ಹೊಳೆದಂಡೆಯ ಸಮಾಧಿಗಳು, ಪಕ್ಕದ ಬಂಗಲೆ

ಪೆರಿಕಲ್ಲೂರಿನ ಕಡವಿನಲ್ಲಿ ತೋಣಿ ಹತ್ತಿದರೆ ಆಚೆ ದಡ ಮೈಸೂರು ಜಿಲ್ಲೆಯ ಬೈರಕುಪ್ಪೆ. ನಮ್ಮ ಈ ಕಬಿನಿ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕಾವೇರಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ಶ್ರೀರಂಗಪಟ್ಟಣ. ಅಲ್ಲಿನ ಹೊಳೆದಂಡೆಯಲ್ಲಿ ಯುರೋಪಿಯನ್ನರ ಹಳೆಯ ಸ್ಮಶಾನವೊಂದಿದೆ, ಗ್ಯಾರಿಸನ್ ಸ್ಮಶಾನ ಅಂತ. ಸಮಾಧಿಗಳು ಸುಮಾರು 300.

ಅದಕ್ಕೂ ನಮಗೂ ಏನು ಸಂಬಂಧ ಅನ್ನಬೇಡಿ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಕುಳಿತು ಸೈನ್ಯದ ಅಧಿಕಾರ ನಡೆಸಿದವನು ಆರ್ಥರ್ ವೆಲ್ಲೆಸ್ಲಿ. ವಯನಾಡಿನಲ್ಲಿ ಪಳಶ್ಶಿರಾಜನ ಮೇಲೆ ದಂಡು ಕಳಿಸಿದವನೂ ಅವನೇ. ರಾಜ ಕೊನೆಗೆ 1805ರ ನವೆಂಬರ್ 30ರಂದು ಮಡಿದದ್ದು ನಮ್ಮ ಪುಲ್ಪಳ್ಳಿ ಹತ್ತಿರದ ಮಾವಿಲತೋಡಿನಲ್ಲಿ. ಅಷ್ಟು ಹೊತ್ತಿಗೆ ವೆಲ್ಲೆಸ್ಲಿ ಇಂಡಿಯಾ ಬಿಟ್ಟಾಗಿತ್ತು.

ಸ್ಮಶಾನದಲ್ಲಿರುವವರೆಲ್ಲ ಇಂಗ್ಲಿಷರಲ್ಲ. ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ಸರೂ ಇದ್ದಾರೆ. ನ್ಯೂಷಾಟೆಲಿನ ಒಬ್ಬ ಧಣಿ 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿದ್ದಾಗ ಇಂಗ್ಲಿಷರ ಕಡೆಗೆ ಬಂತು. ಸಂಬಳ ಕೊಟ್ಟವರೇ ಒಡೆಯರು! ಹಿಮದ ಸೀಮೆಯ ಆ ಹುಡುಗರಲ್ಲಿ ಗುಂಡೇಟಿಗೆ ಬಿದ್ದವರಲ್ಲದೆ ಜ್ವರಕ್ಕೆ ಹೋದವರೂ ಇದ್ದರು. ಶ್ರೀರಂಗಪಟ್ಟಣದ ಜ್ವರವೆಂದರೆ ಆಗ ದಂಡಿನವರಿಗೆಲ್ಲ ಭಯ. 1809ರಲ್ಲಿ ದಂಡು ಬೆಂಗಳೂರಿಗೆ ಹೋದದ್ದೂ ಆ ಕಾರಣಕ್ಕೇ. ವಯನಾಡಿನ ಜ್ವರ ಕಂಡ ಹಿರಿಯರಿರುವ ನಮ್ಮ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಬಂಗಲೆ. ಅದೂ ಹೊಳೆಯ ಪಕ್ಕದಲ್ಲೇ, ಸ್ಮಶಾನಕ್ಕೆ ಬಹಳ ದೂರವಿಲ್ಲ. ಫಿರಂಗಿಗಾಡಿ ಮಾಡುವ ಕಾರ್ಖಾನೆಯ ಮೇಲಧಿಕಾರಿ ಸ್ಕಾಟ್ ಎಂಬವರ ಮನೆ. ಕೆಲಸದ ಮೇಲೆ ಹೋಗಿದ್ದ ಅವರು ಮರಳಿ ಬಂದಾಗ ಹೆಂಡತಿ ಮಕ್ಕಳೆಲ್ಲ ಕಾಲರಾದಲ್ಲಿ ಸತ್ತಿದ್ದರಂತೆ. ಅವರು ಹೊಳೆಗೆ ಹಾರಿದರಂತೆ. ಮನೆಯ ಸಾಮಾನು ಕದಲಿಸಬಾರದೆಂದು ಮಹಾರಾಜರ ಅಪ್ಪಣೆಯಾಯಿತಂತೆ. ಹೀಗೆ ಕಥೆ ಬೆಳೆದಿದೆ. ದೆವ್ವವೂ ಸೇರಿಕೊಂಡಿದೆ, ಹಾಳು ಬಂಗಲೆಗೆ ಅದೊಂದು ಕಡಿಮೆಯಾಗಬಾರದಲ್ಲ!

ಆದರೆ ಶ್ರೀಮತಿ ಸ್ಕಾಟರ ಸಮಾಧಿ ಅದೇ ಸ್ಮಶಾನದಲ್ಲಿದೆ. ಇಸವಿ 1817. ಆ ಕಾಲದ ಮಹಾ ಕಾಲರಾ ಬಂಗಾಳದ ಜೆಸ್ಸೋರಿನಲ್ಲಿ ಎದ್ದದ್ದು 1817ರ ಆಗಸ್ಟಿನಲ್ಲಿ. ತೆಂಕಣ ಸೀಮೆಗೆ ಇಳಿದದ್ದು 1818ರಲ್ಲಿ. ಲೆಕ್ಕ ಕೂಡುವುದಿಲ್ಲ. ಹೆರಿಗೆಯಲ್ಲೋ ಸಾಧಾರಣ ಜ್ವರದಲ್ಲೋ ಹೆಂಗಸರು ಸಾಯುತ್ತಿದ್ದ ಕಾಲ ಅದು. ಅಂಥ ಸಾವನ್ನು ಊರು ಕಥೆಯಾಗಿ ಹೇಳುವುದಿಲ್ಲ, ಒಂದು ಮನೆಗೇ ಮಾರಿ ಬಡಿಯಿತು ಅಂದರೆ ಮಾತ್ರ ಕಿವಿ ನಿಲ್ಲುತ್ತದೆ. ಸ್ಕಾಟರ ಕೊನೆಯ ಬಗ್ಗೆ ಯಾರಾದರೂ ಆಣೆ ಇಟ್ಟು ಹೇಳಿದರೂ ನಾನಂತೂ ಮೊದಲು ಕಲ್ಲಿನ ಮೇಲಿನ ಇಸವಿ ನೋಡುತ್ತೇನೆ.

ಬಹುಕಾಲ ಪೊದೆ ಬೆಳೆದು ಪಾಳುಬಿದ್ದಿದ್ದ ಸ್ಮಶಾನವನ್ನು ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶದವರು ಸ್ವಿಟ್ಜರ್ಲೆಂಡಿನಿಂದ ನೆರವು ಕೊಟ್ಟು ಸರಿಪಡಿಸಿದರು. ಮೈಸೂರಿಗೆ ಹೋಗುವವರು ಹೆದ್ದಾರಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ನೋಡಬಹುದು.